ನ್ಯಾಷನಲ್ ಪಾರ್ಕ್ ಆಯಿತೆಂದರೆ ಬೇಟೆ ಬಂದ್ ಆಯಿತೆಂದೇ?

ಪ್ರಶ್ನೆ: ಕೊಡಗಿನ ಕಡೆಯವನು, ಈಗ ಎಚ್‌-1ಬಿ ವೀಸಾದಲ್ಲಿ ಅಮೆರಿಕದ ಒಹಾಯೋದಲ್ಲಿದ್ದೇನೆ. ಆಫೀಸಿನ ಗೆಳೆಯರು ವೆಸ್ಟ್ ವರ್ಜೀನಿಯಾದ ನ್ಯೂ ರಿವರ್ ಕಣಿವೆಗೆ ಪ್ರತಿ ನವೆಂಬರ್‌ನಲ್ಲಿ ಜಿಂಕೆ ಬೇಟೆಗೆ ಹೋಗುತ್ತಾರೆ. ಈ ಸಲ ನನ್ನನ್ನೂ ಕರೆದಿದ್ದಾರೆ. ಆದರೆ ಆ ಜಾಗ ಈಗ ನ್ಯಾಷನಲ್ ಪಾರ್ಕ್ ಆಗಿದೆ. ಅಲ್ಲಿ ಬೇಟೆ ಬಂದ್ ಎಂದು ಕೆಲವರು, ಏನೂ ಬದಲಾಗಿಲ್ಲ ಎಂದು ಕೆಲವರು ಹೇಳುತ್ತಿದ್ದಾರೆ. ನಮ್ಮೂರಲ್ಲಿ ನ್ಯಾಷನಲ್ ಪಾರ್ಕ್ ಎಂದರೆ ಕೋವಿ ಹಿಡಿದು ಗಡಿ ದಾಟುವ ಮಾತೇ ಇಲ್ಲ. ಇಲ್ಲಿನ ಲೆಕ್ಕ ಏನು? ಮುಂದೆ ಬೇರೆ ಜಾಗಗಳಿಗೂ ಇಂಥ ಘೋಷಣೆ ಬಂದರೆ ಏನನ್ನು ನೋಡಿಕೊಳ್ಳಬೇಕು?

ಉತ್ತರ: ಎರಡೂ ಕಡೆಯವರು ಹೇಳಿದ್ದು ಅರ್ಧರ್ಧ ಸರಿ. 2020ರ ಡಿಸೆಂಬರ್ 27ರಂದು ಜಾರಿಗೆ ಬಂದ ಕಾಯಿದೆ ಆ ಕಣಿವೆಗೆ ‘ನ್ಯೂ ರಿವರ್ ಗಾರ್ಜ್ ನ್ಯಾಷನಲ್ ಪಾರ್ಕ್ ಅಂಡ್ ಪ್ರಿಸರ್ವ್’ ಎಂದು ಹೆಸರಿಟ್ಟಿತು. ಆ ಹೆಸರಿನ ಕೊನೆಯ ಪದವೇ ನಿಮ್ಮ ಗೆಳೆಯರ ಬೇಟೆಯನ್ನು ಉಳಿಸಿರುವುದು. ಒಟ್ಟು 72 ಸಾವಿರ ಎಕರೆಯಷ್ಟು ಜಾಗದಲ್ಲಿ 7,021 ಎಕರೆ ಮಾತ್ರ ‘ಪಾರ್ಕ್’. ಉಳಿದ 65,165 ಎಕರೆ ‘ಪ್ರಿಸರ್ವ್’. ಪಾರ್ಕ್ ಭಾಗದಲ್ಲಿ ಬೇಟೆ ಇಲ್ಲ, ಪ್ರಿಸರ್ವ್ ಭಾಗದಲ್ಲಿ ರಾಜ್ಯದ ಸೀಸನ್ ಪ್ರಕಾರ ಇದೆ. 1978ರಿಂದ ಆ ಜಾಗ ‘ನ್ಯಾಷನಲ್ ರಿವರ್’ ಆಗಿ ನ್ಯಾಷನಲ್ ಪಾರ್ಕ್ ಸರ್ವಿಸ್‌ನ ಕೈಯಲ್ಲೇ ಇತ್ತು, ಅಲ್ಲಿ ಬೇಟೆಗೂ ಅವಕಾಶವಿತ್ತು. ಕಾಯಿದೆ ಬಂದಾಗ ಬೇಟೆಗಾರರು ಕಳೆದುಕೊಂಡದ್ದು ಮುಖ್ಯವಾಗಿ ನದಿಗೆ ಅಡ್ಡಲಾಗಿರುವ ದೊಡ್ಡ ಸೇತುವೆಯ ಸುತ್ತಲಿನ ಕೆಳಕಣಿವೆಯನ್ನು. ಪ್ರವಾಸಿಗರು ತುಂಬುವ ಜಾಗ ಅದು. ನಿಮ್ಮ ಗೆಳೆಯರು ಕೂರುವ ಜಾಗ ಅಲ್ಲೇ ಇದ್ದರೆ ಅದು ಹೋಯಿತು. ಮೇಲ್ಕಣಿವೆಯಲ್ಲಿದ್ದರೆ ಬಹುಮಟ್ಟಿಗೆ ಉಳಿದಿದೆ.

ನಿಮ್ಮ ಗೊಂದಲಕ್ಕೆ ಕಾರಣವಿದೆ. ಭಾರತದಲ್ಲಿ 1972ರ ವನ್ಯಜೀವಿ ಕಾಯಿದೆ ಬೇಟೆಯನ್ನೇ ನಿಷೇಧಿಸಿದೆ. ಪಾರ್ಕ್ ಘೋಷಣೆ ಅದರ ಮೇಲೆ ಇನ್ನೊಂದು ಬೀಗ. ಬಂಡೀಪುರ ಒಂದು ಕಾಲಕ್ಕೆ ಮೈಸೂರು ಅರಸರ ಶಿಕಾರಿ ಕಾಡು ಎಂಬುದು ಈಗ ಇತಿಹಾಸ. ಅಮೆರಿಕದಲ್ಲಿ ಬೀಗ ಎರಡು, ಬೀಗದ ಕೈ ಇಬ್ಬರ ಬಳಿ. ಜಿಂಕೆ, ಕರಡಿ, ಟರ್ಕಿ ಕೋಳಿಯ ಸೀಸನ್ ಯಾವಾಗ, ಎಷ್ಟು ಹೊಡೆಯಬಹುದು, ಲೈಸೆನ್ಸ್ ಯಾರಿಗೆ ಎಂಬುದನ್ನೆಲ್ಲ ರಾಜ್ಯ ಸರ್ಕಾರ ತೀರ್ಮಾನಿಸುತ್ತದೆ. ಆ ನೆಲದ ಮೇಲೆ ಬೇಟೆಗೆ ಕಾಲಿಡಬಹುದೇ ಎಂಬುದನ್ನು ನೆಲದ ಒಡೆತನವಿರುವ ಇಲಾಖೆ ತೀರ್ಮಾನಿಸುತ್ತದೆ. ರಾಜ್ಯದ ಲೈಸೆನ್ಸ್ ಜೇಬಿನಲ್ಲಿದೆ ಎಂದ ಮಾತ್ರಕ್ಕೆ ಫೆಡರಲ್ (ಕೇಂದ್ರ ಸರ್ಕಾರದ) ನೆಲದ ಬಾಗಿಲು ತೆರೆಯುವುದಿಲ್ಲ. ಸಿಕ್ಕಿಬೀಳುವ ಅಮಾಯಕರಲ್ಲಿ ಬಹಳ ಜನ ಎಡವುವುದು ಇಲ್ಲಿಯೇ.

ಹಾಗಾಗಿ ಹೊಸ ಘೋಷಣೆ ಬಂದಾಗ ಫಲಕದ ಮೇಲಿನ ಹೆಸರಿಗಿಂತ ಮುಂಚೆ ನೋಡಬೇಕಾದದ್ದು ನೆಲ ಯಾವ ಇಲಾಖೆಗೆ ಹೋಯಿತು ಎಂಬುದನ್ನು. ಫಾರೆಸ್ಟ್ ಸರ್ವಿಸ್ ಮತ್ತು ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ (ಎಲ್ಲರೂ ಬಿಎಲ್‌ಎಂ ಎನ್ನುತ್ತಾರೆ) ಎರಡರ ನೆಲವೂ ಮುಚ್ಚಿದೆ ಎಂದು ಹೇಳದಿದ್ದರೆ ತೆರೆದಿದೆ ಎಂದೇ ಅರ್ಥ. 2019ರ ಡಿಂಗೆಲ್ ಕಾಯಿದೆ ಇದನ್ನು ಬರಹದಲ್ಲೇ ಕಟ್ಟಿಕೊಟ್ಟಿತು. ನ್ಯಾಷನಲ್ ಪಾರ್ಕ್ ಸರ್ವಿಸ್‌ನ ನಿಯಮ ಇದಕ್ಕೆ ಪೂರ್ತಿ ತದ್ವಿರುದ್ಧ: ಆ ಜಾಗವನ್ನು ಹುಟ್ಟುಹಾಕಿದ ಕಾಯಿದೆಯೇ ಬೇಟೆಗೆ ಅವಕಾಶ ಕೊಟ್ಟಿರದಿದ್ದರೆ ಬೇಟೆ ಇಲ್ಲ. ಅಂದರೆ ಮೊದಲ ಎರಡು ಇಲಾಖೆಗಳಲ್ಲಿ ಕಾಯಿದೆ ಸುಮ್ಮನಿದ್ದರೆ ಬೇಟೆಗಾರನಿಗೆ ಲಾಭ, ಪಾರ್ಕ್ ಸರ್ವಿಸ್‌ನಲ್ಲಿ ಕಾಯಿದೆ ಸುಮ್ಮನಿದ್ದರೆ ನಷ್ಟ. ಫಿಶ್ ಅಂಡ್ ವೈಲ್ಡ್‌ಲೈಫ್ ಸರ್ವಿಸ್‌ನ ರೆಫ್ಯೂಜ್‌ಗಳೂ (ವನ್ಯಜೀವಿ ಧಾಮಗಳೂ) ಅಷ್ಟೇ, ತೆರೆದಿದೆ ಎಂದು ಪ್ರಕಟಿಸುವವರೆಗೆ ಮುಚ್ಚಿದಂತೆ.

ಈ ವ್ಯತ್ಯಾಸ ಎಷ್ಟು ದೊಡ್ಡದು ಎಂಬುದಕ್ಕೆ ಐಡಾಹೊ ರಾಜ್ಯದ ‘ಕ್ರೇಟರ್ಸ್ ಆಫ್ ದಿ ಮೂನ್’ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಲಾವಾ ಹರಿದು ಹೆಪ್ಪುಗಟ್ಟಿದ ಆ ಬಯಲು 1924ರಿಂದ ನ್ಯಾಷನಲ್ ಮಾನ್ಯುಮೆಂಟ್, ಅಂದರೆ ಸ್ಮಾರಕದಂತೆ ಕಾಯುವ ಸಂರಕ್ಷಿತ ನೆಲ. 2000ದ ನವೆಂಬರ್‌ನಲ್ಲಿ ಅಧ್ಯಕ್ಷ ಕ್ಲಿಂಟನ್ ಒಂದು ಘೋಷಣೆಯ ಮೂಲಕ ಸುಮಾರು 6,61,000 ಎಕರೆ ಸೇರಿಸಿ ಅದನ್ನು ಹಿಗ್ಗಿಸಿದರು. ಸೇರಿದ ನೆಲವೆಲ್ಲ ಅಲ್ಲಿಯವರೆಗೆ ಬಿಎಲ್‌ಎಂ ನೆಲ, ತಲೆಮಾರುಗಳಿಂದ ಜನ ಬೇಟೆಯಾಡುತ್ತಿದ್ದ ನೆಲ. ಘೋಷಣೆ ಅದನ್ನು ಎರಡು ಪಾಲು ಮಾಡಿತು: ಲಾವಾ ಹೆಚ್ಚಿದ್ದ ಸುಮಾರು 4,10,000 ಎಕರೆ ಪಾರ್ಕ್ ಸರ್ವಿಸ್‌ಗೆ, ಉಳಿದದ್ದು ಬಿಎಲ್‌ಎಂಗೆ. ಬಿಎಲ್‌ಎಂ ಪಾಲಿನಲ್ಲಿ ಬೇಟೆ ಹಾಗೇ ಮುಂದುವರಿಯಿತು, ಪಾರ್ಕ್ ಸರ್ವಿಸ್ ಪಾಲಿನಲ್ಲಿ ನಿಂತುಹೋಯಿತು. ಒಂದೇ ಘೋಷಣೆ, ಒಂದೇ ದಿನ. ಬೇಟೆಯನ್ನು ನಿಷೇಧಿಸುವ ಸಾಲು ಬೇಕಿರಲಿಲ್ಲ. ಅನುಮತಿಸುವ ಸಾಲು ಇಲ್ಲದಿದ್ದುದೇ ಸಾಕಾಯಿತು. ಐಡಾಹೊದ ಬೇಟೆಗಾರರೂ ರಾಜಕಾರಣಿಗಳೂ ಹಿಂದೆ ಬಿದ್ದು, 2002ರ ಆಗಸ್ಟ್‌ನಲ್ಲಿ ಸಂಸತ್ತು ಸಣ್ಣದೊಂದು ಕಾಯಿದೆ ಮಾಡಿ ಆ ಪಾಲನ್ನು ‘ನ್ಯಾಷನಲ್ ಪ್ರಿಸರ್ವ್’ ಎಂದು ಬದಲಿಸಿದ ಮೇಲೆ ಬೇಟೆ ಮರಳಿತು. ಹೆಚ್ಚೂಕಡಿಮೆ ಎರಡು ವರ್ಷ ಹಿಡಿಯಿತು. ಮೊದಲೇ ಒಂದು ವಾಕ್ಯ ಬರೆದಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ.

‘ಪ್ರಿಸರ್ವ್’ ಎಂಬ ವರ್ಗವೇ ಇಂಥ ಜಗಳಗಳನ್ನು ಬಗೆಹರಿಸಲು ಹುಟ್ಟಿಕೊಂಡದ್ದು. 1974ರಲ್ಲಿ ಫ್ಲಾರಿಡಾದ ಬಿಗ್ ಸೈಪ್ರೆಸ್ ಮತ್ತು ಟೆಕ್ಸಸ್‌ನ ಬಿಗ್ ಥಿಕೆಟ್ ಮೊದಲ ಎರಡು ಪ್ರಿಸರ್ವ್‌ಗಳಾದವು. ಅಲಾಸ್ಕಾದಲ್ಲಿ 1980ರ ಕಾಯಿದೆ ಇದನ್ನೇ ಭಾರೀ ಪ್ರಮಾಣದಲ್ಲಿ ಮಾಡಿತು: ಪ್ರಿಸರ್ವ್ ಭಾಗದಲ್ಲಿ ಲೈಸೆನ್ಸ್ ಇದ್ದ ಯಾರಾದರೂ ಬೇಟೆಯಾಡಬಹುದು, ಆ ಕಾಯಿದೆ ಮಾಡಿದ ಹೊಸ ಪಾರ್ಕುಗಳಲ್ಲಿ ಹೊಟ್ಟೆಪಾಡಿಗಾಗಿ ಬೇಟೆಯಾಡುವ ಸ್ಥಳೀಯ ಗ್ರಾಮವಾಸಿಗಳು ಮಾತ್ರ. ಕ್ಯಾಲಿಫೋರ್ನಿಯಾದಲ್ಲಿ 1994ರಲ್ಲಿ ಒಂದೇ ಕಾಯಿದೆ ಡೆತ್ ವ್ಯಾಲಿಯನ್ನು ನ್ಯಾಷನಲ್ ಪಾರ್ಕ್ ಮಾಡಿ, ಅದಕ್ಕೆ 13 ಲಕ್ಷ ಎಕರೆಯಷ್ಟು ಸೇರಿಸಿತು. ಸೇರಿದ ಆ ನೆಲದಲ್ಲಿ ಬೇಟೆ ಮುಗಿಯಿತು. ಪಕ್ಕದ ಮೊಹಾವಿಯನ್ನೂ ಪಾರ್ಕ್ ಮಾಡಬೇಕೆಂಬ ಪ್ರಸ್ತಾವವಿತ್ತು. ಬೇಟೆಗಾರರ ಒತ್ತಡದಿಂದ ಅದು ಪ್ರಿಸರ್ವ್ ಆಯಿತು, ಅಲ್ಲಿ ಇವತ್ತಿಗೂ ಬೇಟೆ ಇದೆ. ಕೊಲರಾಡೊದ ಗ್ರೇಟ್ ಸ್ಯಾಂಡ್ ಡ್ಯೂನ್ಸ್‌ನಲ್ಲೂ ಹೀಗೇ, ಮರಳುದಿಬ್ಬಗಳ ಕಡೆ ಪಾರ್ಕ್, ಮೇಲಿನ ಬೆಟ್ಟದ ಕಡೆ ಪ್ರಿಸರ್ವ್.

ಇನ್ನು ಮಾನ್ಯುಮೆಂಟ್‌ಗಳು. ಅಧ್ಯಕ್ಷರು 1906ರ ಆಂಟಿಕ್ವಿಟೀಸ್ ಕಾಯಿದೆಯ ಬಲದಿಂದ ಸಂಸತ್ತನ್ನು ಕೇಳದೆ ಮಾನ್ಯುಮೆಂಟ್ ಘೋಷಿಸಬಹುದು, ಸಹಿ ಬಿದ್ದ ದಿನವೇ ಅದು ಜಾರಿ. ಹೀಗಾಗಿ ಬೇಟೆಗಾರರಲ್ಲಿ ಮಾನ್ಯುಮೆಂಟ್ ಎಂದರೆ ಭಯ ಹೆಚ್ಚು. ಆದರೆ ಇತ್ತೀಚಿನ ದೊಡ್ಡ ಮಾನ್ಯುಮೆಂಟ್‌ಗಳು ಬಹುಪಾಲು ಬಿಎಲ್‌ಎಂ ಅಥವಾ ಫಾರೆಸ್ಟ್ ಸರ್ವಿಸ್ ಕೈಯಲ್ಲೇ ಉಳಿದಿವೆ. ಯೂಟಾದ ಬೇರ್ಸ್ ಇಯರ್ಸ್ 2016ರಲ್ಲಿ 13.5 ಲಕ್ಷ ಎಕರೆಯ ಮಾನ್ಯುಮೆಂಟ್ ಆಯಿತು, 2017ರಲ್ಲಿ ಸುಮಾರು 2 ಲಕ್ಷಕ್ಕೆ ಕುಗ್ಗಿತು, 2021ರಲ್ಲಿ ಮತ್ತೆ ಹಿಗ್ಗಿತು. ಈ ಮೂರೂ ಹಂತಗಳಲ್ಲಿ ಅಲ್ಲಿನ ಬೇಟೆ ಯೂಟಾ ರಾಜ್ಯದ ನಿಯಮದಂತೆಯೇ ನಡೆಯಿತು. ಮೇನ್ ರಾಜ್ಯದ ಕಟಾಡಿನ್ ವುಡ್ಸ್ ಅಂಡ್ ವಾಟರ್ಸ್ ಬೇರೆ ಬಗೆಯದು: 2016ರಲ್ಲಿ ದಾನವಾಗಿ ಬಂದ ಸುಮಾರು 87,500 ಎಕರೆ, ಅದೂ ಪಾರ್ಕ್ ಸರ್ವಿಸ್‌ಗೆ. ಅಲ್ಲಿ ಪೆನೊಬ್‌ಸ್ಕಾಟ್ ನದಿಯ ಪೂರ್ವಶಾಖೆಯೇ ಗೆರೆ. ನದಿಯ ಪೂರ್ವಕ್ಕಿರುವ ಭಾಗಗಳಲ್ಲಿ ಬೇಟೆಗೆ ಅವಕಾಶ, ಆದರೆ ಮೇವಿಟ್ಟೋ ನಾಯಿ ಬಿಟ್ಟೋ ಕರಡಿ ಹೊಡೆಯುವಂತಿಲ್ಲ. ಮಾನ್ಯುಮೆಂಟ್ ಎಂಬ ಒಂದೇ ಹಲಗೆಯ ಹಿಂದೆ ಇಷ್ಟು ಬಗೆಗಳಿವೆ.

‘ವಿಲ್ಡರ್‌ನೆಸ್’ ಎಂದು ಘೋಷಿಸಿದರೆ ಬೇಟೆ ನಿಲ್ಲುವುದಿಲ್ಲ, ಗಾಲಿ ನಿಲ್ಲುತ್ತದೆ. 1964ರ ಕಾಯಿದೆಯಡಿ ಜೀಪು, ಎಟಿವಿ ಮಾತ್ರವಲ್ಲ, ಹೊಡೆದ ಜಿಂಕೆಯನ್ನು ಎಳೆದು ತರುವ ಕೈಗಾಡಿಗೂ ಅಲ್ಲಿ ಪ್ರವೇಶವಿಲ್ಲ. ರಸ್ತೆಯಿಂದ ನಾಲ್ಕು ಮೈಲಿ ಒಳಗೆ ಎಲ್ಕ್ (ಕಡವೆಗಿಂತ ದೊಡ್ಡ ಜಿಂಕೆ ಜಾತಿ) ಹೊಡೆದವರು ಬೆನ್ನ ಮೇಲೆ ಹೊತ್ತು ತರಬೇಕು, ಇಲ್ಲವೇ ಕುದುರೆ ಬೇಕು. ವಯಸ್ಸಾದವರಿಗೆ ಇದೇ ನಿಷೇಧಕ್ಕೆ ಸಮ. ಹಾಗೆಂದು ಬೇಟೆ ಬಂದ್ ಆಯಿತು ಎನ್ನುವುದು ಸರಿಯಲ್ಲ.

ಕಾಯಿದೆಯ ಪಠ್ಯವನ್ನು ಹೇಗೆ ಓದಬೇಕು ಎಂದು ಹೇಳುತ್ತೇನೆ, ವಕೀಲರೇ ಆಗಬೇಕಿಲ್ಲ. ಪಾರ್ಕ್ ಸರ್ವಿಸ್ ನೆಲವಾದರೆ ಬೇಟೆಯ ಕುರಿತ ಕಲಮನ್ನು ಹುಡುಕಿ, ಅದರ ಕ್ರಿಯಾಪದವನ್ನು ನೋಡಿ. ಕಾರ್ಯದರ್ಶಿಯವರು (ಪಾರ್ಕ್ ಸರ್ವಿಸ್ ಯಾರ ಕೈಕೆಳಗಿದೆಯೋ ಆ ಖಾತೆಯ ಸಚಿವರು) ಬೇಟೆಗೆ ಅವಕಾಶ ‘ಕೊಡತಕ್ಕದ್ದು’ ಎಂಬರ್ಥದ ‘ಶಲ್’ ಇದ್ದರೆ ನೆಲ ಗಟ್ಟಿ. ಇಲಾಖೆ ತಾನಾಗಿ ಅದನ್ನು ತೆಗೆದುಹಾಕಲಾರದು. ‘ಕೊಡಬಹುದು’ ಎಂಬರ್ಥದ ‘ಮೇ’ ಇದ್ದರೆ ಅದು ಅಧಿಕಾರಿಯ ವಿವೇಚನೆ: ಸುರಕ್ಷತೆ ಮತ್ತು ಸಂರಕ್ಷಣೆಗೆ ಅಡ್ಡಿಯಿಲ್ಲ ಎಂದು ಅವರಿಗೆ ಅನ್ನಿಸಬೇಕು, ಅದಕ್ಕೆಂದೇ ವಿಶೇಷ ನಿಯಮ ಹೊರಡಿಸಬೇಕು. ಅಲ್ಲಿಯವರೆಗೆ ಬಂದ್. ಏನೂ ಬರೆದಿಲ್ಲದಿದ್ದರೆ ಬಂದ್, ಚರ್ಚೆಯಿಲ್ಲ. ಬಲೆ, ಉರುಳು ಹಾಕುವವರಿಗೆ ನಿಯಮ ಇನ್ನೂ ಬಿಗಿ; ಬೇಟೆಗೆ ಅನುಮತಿ ಇದೆ ಎಂದ ಮಾತ್ರಕ್ಕೆ ಉರುಳಿಗೂ ಇದೆ ಎಂದಲ್ಲ, ಅದನ್ನು ಕಾಯಿದೆ ಬೇರೆಯಾಗಿ ಹೇಳಿರಬೇಕು. ‘ಶಲ್’ ಇರುವ ಕಲಮಿಗೂ ಸಾಮಾನ್ಯವಾಗಿ ಒಂದು ಬಾಲ ಇರುತ್ತದೆ: ಜನರ ಸುರಕ್ಷತೆ, ಆಡಳಿತ ಮುಂತಾದ ಕಾರಣಕ್ಕೆ ಕೆಲವು ವಲಯ, ಕೆಲವು ಅವಧಿಗಳನ್ನು ಮುಚ್ಚುವ ಅಧಿಕಾರ, ಅದೂ ರಾಜ್ಯದ ವನ್ಯಜೀವಿ ಇಲಾಖೆಯೊಡನೆ ಸಮಾಲೋಚಿಸಿ. ಕ್ಯಾಂಪ್‌ಗ್ರೌಂಡ್, ವಿಸಿಟರ್ ಸೆಂಟರ್ ಸುತ್ತ ಬೇಟೆ ಇಲ್ಲದ ವಲಯ ಕಂಡರೆ ಅದು ಈ ಬಾಲದಿಂದ ಬಂದದ್ದು.

ಇನ್ನೊಂದು ಸಂಗತಿಯನ್ನು ಬಹಳ ಜನ ಗಮನಿಸುವುದಿಲ್ಲ. ಕಾಯಿದೆ ಗಡಿಯನ್ನು ಮಾತಿನಲ್ಲಿ ವರ್ಣಿಸುವುದಿಲ್ಲ, ಸಂಖ್ಯೆ ಮತ್ತು ತಾರೀಖು ಇರುವ ಒಂದು ನಕ್ಷೆಯನ್ನು ಹೆಸರಿಸುತ್ತದೆ. ಕಾನೂನಿನ ಕಣ್ಣಿಗೆ ಗಡಿ ಎಂದರೆ ಆ ನಕ್ಷೆ. ಫೋನ್ ಆಪ್‌ನ ಬಣ್ಣ ಅಲ್ಲ. ಆನ್‌ಎಕ್ಸ್‌ನಂಥ ಆಪ್‌ಗಳು ತುಂಬ ಉಪಯುಕ್ತ, ಆದರೆ ಅವುಗಳ ಬಣ್ಣ ಮುಖ್ಯವಾಗಿ ನೆಲ ಯಾವ ಇಲಾಖೆಯದು ಎಂದು ತೋರಿಸುತ್ತದೆ. ಪಾರ್ಕ್, ಪ್ರಿಸರ್ವ್ ಎರಡೂ ಒಂದೇ ಇಲಾಖೆಯವಾದ್ದರಿಂದ ನಿಮಗೆ ಬೇಕಾದ ಗೆರೆಯೇ ಪರದೆಯ ಮೇಲೆ ಕಾಣದೆ ಹೋಗಬಹುದು. ಹೊಸ ಘೋಷಣೆ ಆಪ್‌ಗೆ ಇಳಿಯಲು ಸಮಯವೂ ಹಿಡಿಯುತ್ತದೆ. ನ್ಯೂ ರಿವರ್‌ನ ಪಾರ್ಕ್ ಕಚೇರಿಯಿಂದ ಬೇಟೆಯ ನಕ್ಷೆ ತೆಗೆದುಕೊಂಡು, ಗೆರೆ ಹಾಯುವ ಕಡೆಗಳನ್ನು ನೀವೇ ಆಪ್‌ನಲ್ಲಿ ಗುರುತು ಹಾಕಿ, ಆಫ್‌ಲೈನ್ ಉಳಿಸಿಕೊಳ್ಳಿ. ಕಣಿವೆಯ ತಳದಲ್ಲಿ ಸಿಗ್ನಲ್ ನಂಬಬೇಡಿ. ಗಡಿಯ ಒಳಗೇ ಖಾಸಗಿ ಜಮೀನುಗಳೂ ಸಾಕಷ್ಟಿವೆ. ಅಲ್ಲಿ ಮಾಲೀಕರ ಒಪ್ಪಿಗೆ ಬೇಕು. ನದಿಯ ಪಕ್ಕದ ರೈಲು ಹಳಿ ರೈಲ್ವೆ ಕಂಪನಿಯ ಆಸ್ತಿ. ಅದರ ಮೇಲೆ ನಡೆದು ಜಾಗ ಸೇರುವುದು ಸುಲಭ ಎಂದು ಕಂಡರೂ ಅದು ಅತಿಕ್ರಮಣ, ಅಪಾಯ ಕೂಡ.

ಈಗ ಪ್ರಿಸರ್ವ್‌ನಲ್ಲಿ ‘ಏನೂ ಬದಲಾಗಿಲ್ಲ’ ಎನ್ನುವವರ ಮಾತು. ಕಾಗದದ ಮೇಲೆ ನಿಜ, ನೆಲದ ಮೇಲೆ ಪೂರ್ತಿ ನಿಜವಲ್ಲ. ಹೊಸ ಹೆಸರು ಮೊದಲು ತಟ್ಟುವುದು ದಾರಿಗೆ. ನ್ಯಾಷನಲ್ ಪಾರ್ಕ್ ಎಂಬ ಎರಡು ಪದ ಬಿದ್ದ ಮರುವರ್ಷ, 2021ರಲ್ಲಿ, ನ್ಯೂ ರಿವರ್‌ಗೆ ಬಂದವರ ಸಂಖ್ಯೆ 16 ಲಕ್ಷ ದಾಟಿತು. ವಾಹನ ನಿಲ್ಲಿಸುವ ಜಾಗ ಬೇಗ ತುಂಬುತ್ತದೆ, ಬೇಟೆಯ ಹಾದಿಯಲ್ಲಿ ಚಾರಣಿಗರು ಸಿಗುತ್ತಾರೆ, ಜನದಟ್ಟಣೆ ಹೆಚ್ಚಿದ ಕಡೆ ಸುರಕ್ಷತಾ ವಲಯದ ಬೇಡಿಕೆ ಏಳುತ್ತದೆ. ಬೇಟೆಯ ಹಕ್ಕು ಕಾಯಿದೆಯಲ್ಲಿ ಉಳಿದು, ಅದನ್ನು ಬಳಸುವ ದಾರಿ ಸವೆಯುವುದು ಹೀಗೆ. ಈ ಕಾರಣಕ್ಕೇ ಹೊಸ ಘೋಷಣೆಯ ಕರಡಿನಲ್ಲಿ ಬೇಟೆಯ ಕಲಮಿನಷ್ಟೇ ಗಮನ ರಸ್ತೆ ಮತ್ತು ಪಾರ್ಕಿಂಗ್ ಕಲಮಿಗೂ ಕೊಡಬೇಕು.

ನ್ಯಾಷನಲ್ ಫಾರೆಸ್ಟ್‌ನಲ್ಲಿ ಬೇಟೆಯಾಡಿ ಅಭ್ಯಾಸವಾದವರು ಪಾರ್ಕ್ ಸರ್ವಿಸ್ ನೆಲಕ್ಕೆ ಬಂದಾಗ ಸಿಕ್ಕಿಬೀಳುವ ನಿಯಮಗಳು ಬೇರೆಯೇ ಇವೆ. ವಾರಗಟ್ಟಲೆ ಮರದಲ್ಲಿ ಬಿಡುವ ಅಟ್ಟಣೆ ಮತ್ತು ಟ್ರೇಲ್ ಕ್ಯಾಮೆರಾ (ಪ್ರಾಣಿ ಹಾದಾಗ ತಾನೇ ಫೋಟೊ ತೆಗೆಯುವ ಕ್ಯಾಮೆರಾ) ಅದರಲ್ಲಿ ಮೊದಲನೆಯದು. ಪಾರ್ಕ್ ಸರ್ವಿಸ್ ನೆಲದಲ್ಲಿ ಯಾವುದೇ ವಸ್ತುವನ್ನು 24 ಗಂಟೆಗಿಂತ ಹೆಚ್ಚು ಹೊತ್ತು ವಾರಸುದಾರರಿಲ್ಲದೆ ಬಿಡುವಂತಿಲ್ಲ ಎಂಬುದು ಸಾಮಾನ್ಯ ನಿಯಮ. ರೇಂಜರ್ ಅದನ್ನು ತೆಗೆದುಕೊಂಡು ಹೋದರೆ ದೂರಲಾಗದು. ಮರಕ್ಕೆ ಮೊಳೆ, ತಿರುಪಿನ ಮೆಟ್ಟಿಲು ಬೇಡ. ಪಟ್ಟಿಯಿಂದ ಕಟ್ಟಿ ಸಂಜೆ ಬಿಚ್ಚಿ ತರುವ ಅಟ್ಟಣೆ ಒಯ್ಯಿರಿ. ಉದುರಿದ ಕೊಂಬು ಕಂಡರೆ ಅಲ್ಲೇ ಬಿಡಿ, ಎತ್ತಿಕೊಳ್ಳುವುದೂ ಅಪರಾಧ. ಟಾರ್ಚ್, ಸ್ಪಾಟ್‌ಲೈಟ್ ಬೆಳಕು ಹಾಯಿಸಿ ಪ್ರಾಣಿ ಹುಡುಕುವಂತಿಲ್ಲ, ಡ್ರೋನ್ ಹಾರಿಸುವಂತಿಲ್ಲ, ಕೋವಿಯ ಗುರಿ ಸರಿಪಡಿಸಲೆಂದು ಡಬ್ಬಿಗೆ ಹೊಡೆಯುವಂತಿಲ್ಲ. ಗುರಿ ನೋಡುವ ಕೆಲಸವನ್ನು ಒಹಾಯೋದಲ್ಲೇ ರೇಂಜಿಗೆ ಹೋಗಿ ಮುಗಿಸಿಕೊಳ್ಳಿ. ಎಲ್ಲೆಂದರಲ್ಲಿ ಟೆಂಟ್ ಹಾಕುವ ಫಾರೆಸ್ಟ್ ಪದ್ಧತಿಯನ್ನೂ ಇಲ್ಲಿಗೆ ತರಬೇಡಿ. ನ್ಯೂ ರಿವರ್‌ನಲ್ಲಿ ಹಣ ಕೊಡಬೇಕಿಲ್ಲದ ಸರಳ ಕ್ಯಾಂಪ್‌ಗ್ರೌಂಡ್‌ಗಳಿವೆ, ಅಲ್ಲಿ ಕುಡಿಯುವ ನೀರಿಲ್ಲ, ಮನೆಯಿಂದಲೇ ಒಯ್ಯಿರಿ. ಪ್ರತಿ ಪಾರ್ಕಿನ ಮೇಲಧಿಕಾರಿ ‘ಸೂಪರಿಂಟೆಂಡೆಂಟ್ಸ್ ಕಾಂಪೆಂಡಿಯಂ’ ಎಂಬ ಸ್ಥಳೀಯ ನಿಯಮಗಳ ಕಡತ ಹೊರಡಿಸುತ್ತಾರೆ, ಪಾರ್ಕಿನ ಜಾಲತಾಣದಲ್ಲಿ ಸಿಗುತ್ತದೆ. ಯಾವ ವಲಯ ಮುಚ್ಚಿದೆ, ಯಾವ ರಸ್ತೆ ಯಾವಾಗ ಬಂದ್ ಎಂಬುದು ಅದರಲ್ಲೇ ಇರುವುದು. ಹೊರಡುವ ವಾರ ಓದಿ. ಹಿಂದಿನ ವರ್ಷದ್ದನ್ನು ನಂಬಬೇಡಿ. ಈ ನಿಯಮಗಳನ್ನು ಮುರಿದರೆ ದಂಡ ಮಾತ್ರವಲ್ಲ, ಆರು ತಿಂಗಳವರೆಗೆ ಜೈಲು ಶಿಕ್ಷೆಗೂ ಅವಕಾಶವಿದೆ. ವೀಸಾದಲ್ಲಿರುವವರಿಗೆ ಅಂಥದೊಂದು ದಾಖಲೆ ಬಿದ್ದರೆ ಮುಂದೆ ಎಷ್ಟು ಕಾಡುತ್ತದೆ ಎಂದು ನಿಮಗೆ ಹೇಳಬೇಕಿಲ್ಲ.

ವೀಸಾದ ಮಾತು ಬಂತಲ್ಲ, ನಿಮ್ಮ ಮಟ್ಟಿಗೆ ಪಾರ್ಕಿನ ಗಡಿಗಿಂತ ಮುಖ್ಯವಾದ ಗಡಿ ಇದು. ಎಚ್‌-1ಬಿ (ಉದ್ಯೋಗ), ಎಫ್‌-1 (ವಿದ್ಯಾರ್ಥಿ), ಬಿ-2 (ಪ್ರವಾಸಿ), ಹೀಗೆ ವಲಸೆಯೇತರ ವೀಸಾದಲ್ಲಿ ಬಂದವರು ಬಂದೂಕನ್ನಾಗಲಿ ತೋಟೆಯನ್ನಾಗಲಿ ಇಟ್ಟುಕೊಳ್ಳುವುದು ಫೆಡರಲ್ ಕಾನೂನಿನಲ್ಲಿ ಅಪರಾಧ. ಗೆಳೆಯನ ಕೋವಿಯನ್ನು ಕೈಗೆ ತೆಗೆದುಕೊಂಡರೂ ಅದೇ. ಇದಕ್ಕಿರುವ ಮುಖ್ಯ ವಿನಾಯಿತಿ, ಅಮೆರಿಕದ ಯಾವುದಾದರೂ ರಾಜ್ಯ ಕ್ರಮಬದ್ಧವಾಗಿ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ನಿಮ್ಮ ಬಳಿ ಇರುವುದು. ಆದ್ದರಿಂದ ಕ್ರಮ ಹೀಗಿರಲಿ: ಮೊದಲು ಹಂಟರ್ ಎಜುಕೇಷನ್ ಕೋರ್ಸ್, ಆಮೇಲೆ ಲೈಸೆನ್ಸ್, ಅದಾದ ಮೇಲೆಯೇ ಕೋವಿಯನ್ನು ಮುಟ್ಟುವುದು. ಲೈಸೆನ್ಸ್ ಮುಗಿಯುವ ತಾರೀಖನ್ನು ಕ್ಯಾಲೆಂಡರ್‌ನಲ್ಲಿ ಹಾಕಿಕೊಳ್ಳಿ. ಅವಧಿ ಮುಗಿದ ಮೇಲೂ ಮನೆಯ ಬೀರುವಿನಲ್ಲಿ ಕೋವಿ ಉಳಿದರೆ ವಿನಾಯಿತಿ ಉಳಿಯುವುದಿಲ್ಲ. ಊರಿನಿಂದ ಬಂದ ಅಪ್ಪ ಅಮ್ಮನ ಕೈಗೆ ಫೋಟೊಗೆಂದು ಕೋವಿ ಕೊಡುವುದೂ ಬೇಡ. ಗ್ರೀನ್ ಕಾರ್ಡ್ ಇರುವವರಿಗೆ ಈ ನಿರ್ಬಂಧವಿಲ್ಲ. ಬಿಲ್ಲು ಈ ಕಾನೂನಿನ ಲೆಕ್ಕದಲ್ಲಿ ಬಂದೂಕಲ್ಲ. ಬಿಲ್ಲಿನ ಸೀಸನ್‌ನಲ್ಲಿ ಶುರು ಮಾಡುವುದು ನಿಮ್ಮಂಥವರಿಗೆ ಒಳ್ಳೆಯ ದಾರಿ.

ವೆಸ್ಟ್ ವರ್ಜೀನಿಯಾದಲ್ಲಿ 1975ರ ಜನವರಿ 1 ಅಥವಾ ಅದರ ನಂತರ ಹುಟ್ಟಿದವರು ಲೈಸೆನ್ಸ್‌ಗೆ ಹಂಟರ್ ಎಜುಕೇಷನ್ ಪ್ರಮಾಣಪತ್ರ ತೋರಿಸಬೇಕು. ಬೇರೆ ರಾಜ್ಯದಲ್ಲಿ ಪಡೆದದ್ದೂ ನಡೆಯುತ್ತದೆ. ಒಹಾಯೋ ಲೈಸೆನ್ಸ್ ಅಲ್ಲಿ ಬೇಟೆಯಾಡಲು ಸಾಲದು, ಹೊರರಾಜ್ಯದವರ ಲೈಸೆನ್ಸ್ ಬೇಕು, ಅದರ ಶುಲ್ಕ ಅಲ್ಲಿನವರದಕ್ಕಿಂತ ಬಹಳ ಹೆಚ್ಚು. ಜಿಂಕೆಯ ಬಂದೂಕು ಸೀಸನ್‌ನಲ್ಲಿ 400 ಚದರ ಇಂಚಿಗೆ ಕಡಿಮೆಯಿಲ್ಲದಷ್ಟು ಹೊಳೆಯುವ ಕಿತ್ತಳೆ ಬಣ್ಣ ಮೈಮೇಲಿರಬೇಕು. ಒಂದು ಒಳ್ಳೆಯ ತೋಳಿಲ್ಲದ ಜಾಕೆಟ್ ಇದಕ್ಕೆ ಸಾಕು, ಟೊಪ್ಪಿಯೂ ಇದ್ದರೆ ಇನ್ನೂ ಲೇಸು. ಮನೆಗಳಿಂದ 500 ಅಡಿ ಒಳಗೆ ಗುಂಡು ಹಾರಿಸುವಂತಿಲ್ಲ. ಹೊಡೆದ ಪ್ರಾಣಿಯನ್ನು ರಾಜ್ಯದ ವ್ಯವಸ್ಥೆಯಲ್ಲಿ ಗಡುವಿನೊಳಗೆ ದಾಖಲಿಸಬೇಕು. ಇವೆಲ್ಲ ರಾಜ್ಯದ ನಿಯಮಗಳು, ಪ್ರಿಸರ್ವ್ ಒಳಗೂ ಹಾಗೇ ಅನ್ವಯ.

ಪಾರ್ಕ್ ಭಾಗದ ಮೂಲಕ ಹಾದು ಪ್ರಿಸರ್ವ್ ಸೇರಬೇಕಾದಾಗ ಕೋವಿಯ ಗತಿ ಏನು ಎಂದು ಕೇಳುವವರಿದ್ದಾರೆ. 2010ರ ಫೆಬ್ರವರಿಯಿಂದ ಪಾರ್ಕ್‌ಗಳ ಒಳಗೆ ಬಂದೂಕು ಇಟ್ಟುಕೊಳ್ಳುವುದು ಆ ರಾಜ್ಯದ ಕಾನೂನಿನಂತೆ ನಡೆಯುತ್ತದೆ. ಇಟ್ಟುಕೊಳ್ಳಬಹುದು ಎಂದರೆ ಹಾರಿಸಬಹುದು ಎಂದಲ್ಲ. ತೋಟೆ ತೆಗೆದು, ಚೀಲದಲ್ಲಿ ಹಾಕಿ, ಡಿಕ್ಕಿಯಲ್ಲಿಡಿ. ಆಗ ಯಾವ ರೇಂಜರ್ ಕೇಳಿದರೂ ಉತ್ತರ ಸುಲಭ. ಬೇಟೆಯ ಉಡುಪಿನಲ್ಲಿ, ತೋಟೆ ತುಂಬಿದ ಕೋವಿ ಹಿಡಿದು ಪಾರ್ಕ್ ಭಾಗದಲ್ಲಿ ನಿಂತಿದ್ದರೆ ಬೇಟೆಗೆ ಬಂದಿಲ್ಲ ಎಂದು ನಂಬಿಸುವುದು ಕಷ್ಟ. ವಿಸಿಟರ್ ಸೆಂಟರ್, ರೇಂಜರ್ ಕಚೇರಿಯಂಥ ಫೆಡರಲ್ ಕಟ್ಟಡದೊಳಗೆ ಕೋವಿ ಒಯ್ಯಲೇಬಾರದು, ನಕ್ಷೆ ಕೇಳಲು ಹೋಗುವಾಗಲೂ. ಬಿಲ್ಲನ್ನು ವಾಹನದಲ್ಲಿ ಒಯ್ಯುವಾಗ ತಕ್ಷಣ ಬಳಸಲಾಗದಂತೆ ಕಟ್ಟಿಟ್ಟಿರಬೇಕು. ಕಾಲ್ನಡಿಗೆಯಲ್ಲಿ ದಾಟುವುದಾದರೆ ಮೊದಲೇ ಕಚೇರಿಗೆ ಫೋನ್ ಮಾಡಿ ಕೇಳಿ, ಉತ್ತರ ಕೊಟ್ಟವರ ಹೆಸರು, ತಾರೀಖು ಬರೆದಿಟ್ಟುಕೊಳ್ಳಿ.

ಹೊಸ ಗಡಿಗಳಲ್ಲಿ ನಿಜವಾಗಿ ಎಡವಟ್ಟಾಗುವುದು ಗುಂಡು ತಗುಲಿದ ಜಿಂಕೆ ಗೆರೆ ದಾಟಿದಾಗ. ಎದೆಗೆ ಸರಿಯಾಗಿ ಪೆಟ್ಟು ಬಿದ್ದ ಜಿಂಕೆಯೂ ನೂರು ಗಜ ಓಡುವುದುಂಟು. ಹೊಟ್ಟೆಗೆ ಬಿದ್ದರೆ ಅದರ ಎಷ್ಟೋ ಪಟ್ಟು. ಗಾಯಗೊಂಡದ್ದು ಹೆಚ್ಚಾಗಿ ಇಳಿಜಾರು ಹಿಡಿದು ನೀರಿನತ್ತ ಹೋಗುತ್ತದೆ, ಈ ಕಣಿವೆಯಲ್ಲಿ ಇಳಿಜಾರು ಬಲು ಕಡಿದು. ಹಾಗಾಗಿ ಗೆರೆಯಿಂದ ಕನಿಷ್ಠ 200 ಗಜ, ಸಾಧ್ಯವಾದರೆ 300 ಗಜ ಒಳಗೆ, ಗೆರೆ ನಿಮ್ಮ ಮೇಲ್ಗಡೆ ಇರುವಂತೆ ಕೂತುಕೊಳ್ಳಿ. ಆದರೂ ದಾಟಿತು ಎನ್ನಿ. ಕೋವಿ ಹಿಡಿದು ಹಿಂಬಾಲಿಸಬೇಡಿ, ಎರಡನೇ ಗುಂಡು ಪಾರ್ಕ್ ಒಳಗೆ ಬಿದ್ದರೆ ಅದು ಅಲ್ಲಿನ ಬೇಟೆಯೇ. ರಕ್ತದ ಗುರುತು ಗೆರೆ ದಾಟಿದ ಜಾಗವನ್ನು ಫೋನಿನಲ್ಲಿ ಗುರುತಿಸಿ, ಫೋಟೊ ತೆಗೆದು, ಪಾರ್ಕಿನ ನಿಯಂತ್ರಣ ಕೊಠಡಿಗೆ ಕರೆ ಮಾಡಿ. ರೇಂಜರ್ ಬರಬಹುದು, ನಿಶ್ಶಸ್ತ್ರವಾಗಿ ಹೋಗಿ ತರಲು ಬಿಡಬಹುದು, ಬಿಡದೆಯೂ ಇರಬಹುದು. ಆ ಸಂಖ್ಯೆಯನ್ನು ಹೊರಡುವ ಮೊದಲೇ ಫೋನಿಗೆ ಹಾಕಿಕೊಳ್ಳಿ. ಜಿಂಕೆ ಸಿಕ್ಕ ಮೇಲೆ ಇಡೀ ದೇಹವನ್ನು ಒಹಾಯೋಗೆ ಒಯ್ಯಬೇಡಿ. ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಎಂಬ ಮಿದುಳಿನ ರೋಗ ಹರಡದಿರಲೆಂದು ಬಹಳಷ್ಟು ರಾಜ್ಯಗಳು ತಲೆ ಮತ್ತು ಬೆನ್ನುಮೂಳೆ ಇರುವ ಜಿಂಕೆಯನ್ನು ಒಳಗೆ ಬಿಡುವುದಿಲ್ಲ. ಮೂಳೆ ಬಿಡಿಸಿದ ಮಾಂಸ, ಮಿದುಳಿನ ಅಂಶ ಉಳಿಯದಂತೆ ತೊಳೆದ ಕೊಂಬಿನ ತಟ್ಟೆ, ಹದ ಮಾಡಿದ ಚರ್ಮ ತಂದರೆ ತೊಂದರೆಯಿಲ್ಲ.

ಮುಂದೆ ಬರುವ ಘೋಷಣೆಗಳ ಬಗ್ಗೆ ಕೇಳಿದ್ದೀರಿ. ಮಾತಾಡಬೇಕಾದ ಹೊತ್ತು ಕರಡಿನ ಹಂತ. ಪಾರ್ಕ್ ಬೇಡ ಎಂದು ಕೂಗುವುದಕ್ಕಿಂತ ಕರಡಿನಲ್ಲಿ ಏನಿರಬೇಕು ಎಂದು ಬರೆದುಕೊಟ್ಟವರಿಗೆ ಹೆಚ್ಚು ಸಿಕ್ಕಿದೆ. ನ್ಯೂ ರಿವರ್‌ನಲ್ಲಿ ಬೇಟೆಯ ನೆಲ ಹತ್ತರಲ್ಲಿ ಒಂಬತ್ತು ಪಾಲು ಉಳಿದದ್ದು, ಪ್ರಿಸರ್ವ್‌ಗೆ ಇನ್ನಷ್ಟು ನೆಲ ಕೊಳ್ಳಲು ಕಾಯಿದೆ ದಾರಿ ಮಾಡಿದ್ದು ಇಂಥ ಮಾತುಕತೆಯಿಂದಲೇ. ನಿಮ್ಮ ಪತ್ರದಲ್ಲಿ ಬೇಟೆಗೆ ‘ಶಲ್’ ಇರುವ ಕಲಮು ಕೇಳಿ. ಗಡಿಯ ನಕ್ಷೆ ಮತದಾನಕ್ಕೆ ಮೊದಲೇ ಹೊರಬರಲಿ ಎಂದು ಕೇಳಿ. ಬೇಟೆಗೆ ಬಳಸುವ ರಸ್ತೆ, ವಾಹನ ನಿಲ್ಲಿಸುವ ಜಾಗಗಳನ್ನು ಹೆಸರು ಹಿಡಿದು ಪಟ್ಟಿ ಮಾಡಿ, ಅವು ಸೀಸನ್‌ನಲ್ಲಿ ತೆರೆದಿರಬೇಕೆಂದು ಬರೆಯಿರಿ. ಮುಚ್ಚುವ ಭಾಗಕ್ಕೆ ಬದಲಾಗಿ ಎಷ್ಟು ಎಕರೆ, ಎಲ್ಲಿ ಎಂದು ಕೇಳಿ. ಮಾನ್ಯುಮೆಂಟ್ ಆದರೆ ಯಾವ ಇಲಾಖೆಯ ಕೈಗೆ ಎಂಬುದೊಂದೇ ಮೊದಲ ಪ್ರಶ್ನೆ. ಘೋಷಣೆಯ ನಂತರ ನಿರ್ವಹಣಾ ಯೋಜನೆಯ ಕರಡು ಜನರ ಅಭಿಪ್ರಾಯಕ್ಕೆ ಬರುತ್ತದೆ. ರಸ್ತೆಗಳ ಭವಿಷ್ಯ ತೀರ್ಮಾನವಾಗುವುದು ಅದರಲ್ಲಿ, ಆದರೆ ಆ ಹೊತ್ತಿಗೆ ಸಭೆಗಳಿಗೆ ಬರುವ ಬೇಟೆಗಾರರು ಬೆರಳೆಣಿಕೆ. ಅಭಿಪ್ರಾಯ ಸಲ್ಲಿಸಲು ಅಮೆರಿಕದ ಪೌರತ್ವ ಬೇಕಿಲ್ಲ, ನೀವೂ ಬರೆಯಬಹುದು. ‘ನಾನು ವಿರೋಧಿಸುತ್ತೇನೆ’ ಎಂಬ ಒಂದು ಸಾಲಿಗಿಂತ ‘ಇಂಥ ರಸ್ತೆಯ ಇಂಥ ತಿರುವಿನಲ್ಲಿ ಗೇಟ್ ಹಾಕಿದರೆ ಒಳಗಿನ ನೆಲಕ್ಕೆ ಮೂರು ಮೈಲಿ ನಡೆಯಬೇಕಾಗುತ್ತದೆ’ ಎಂಬ ಸಾಲಿಗೆ ತೂಕ ಹೆಚ್ಚು.

ನಿಮ್ಮ ಗೆಳೆಯರ ಜಾಗ ಪಾರ್ಕ್ ಭಾಗಕ್ಕೆ ಬಿದ್ದಿದ್ದರೆ ಸುತ್ತಮುತ್ತ ಬೇರೆ ದಾರಿಗಳಿವೆ. ಗಾಲಿ ರಿವರ್ ನ್ಯಾಷನಲ್ ರಿಕ್ರಿಯೇಷನ್ ಏರಿಯಾ ಪಾರ್ಕ್ ಸರ್ವಿಸ್‌ನದೇ ಆದರೂ ಅಲ್ಲಿ ಬೇಟೆಗೆ ಕಾಯಿದೆಯಲ್ಲೇ ಅವಕಾಶವಿದೆ. ಬ್ಯೂರಿ ಮೌಂಟನ್ ಮತ್ತು ಪ್ಲಮ್ ಆರ್ಚರ್ಡ್ ಲೇಕ್ ರಾಜ್ಯದ ವನ್ಯಜೀವಿ ನಿರ್ವಹಣಾ ಪ್ರದೇಶಗಳು, ಎರಡೂ ಹತ್ತಿರ. ಬ್ಯೂರಿ ಮೌಂಟನ್‌ಗೆ ಅಂಟಿಕೊಂಡಿರುವ ಬ್ಯಾಬ್‌ಕಾಕ್ ಸ್ಟೇಟ್ ಪಾರ್ಕ್‌ನೊಳಗೆ ಮಾತ್ರ ಹೆಜ್ಜೆ ತಪ್ಪಿಯೂ ಹೋಗಬೇಡಿ. ವೆಸ್ಟ್ ವರ್ಜೀನಿಯಾದ ಸ್ಟೇಟ್ ಪಾರ್ಕ್‌ಗಳಲ್ಲಿ ಸಾಮಾನ್ಯ ಬೇಟೆಗೆ ಅವಕಾಶವಿಲ್ಲ. ಇನ್ನಷ್ಟು ದೂರ ಡ್ರೈವ್ ಮಾಡಲು ತಯಾರಿದ್ದರೆ 9 ಲಕ್ಷ ಎಕರೆಗೂ ಮಿಕ್ಕ ಮೊನೊಂಗಹೇಲಾ ನ್ಯಾಷನಲ್ ಫಾರೆಸ್ಟ್ ಇದೆ, ಜನ ಕಡಿಮೆ, ಟೆಂಟ್ ಹಾಕುವ ಸ್ವಾತಂತ್ರ್ಯವೂ ಹೆಚ್ಚು. ಮೊದಲ ಸಲ ಹೋಗುವವರಿಗೆ ನನ್ನ ಸಲಹೆ ಅದೇ.